ಇಪ್ಪತ್ತೆರಡು ಅಕ್ಷರಗಳ ಚೀಟಿ

ನಮ್ಮ ಶಿವಮೊಗ್ಗ, ಭದ್ರಾವತಿ ಕಡೆ ಹಿಂದೆ ಕ್ಯಾನ್ಸರ್ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ‘ಅವರಿಗೆ ಅದು ಅಂತೆ’ ಎಂದು ಹೆಂಗಸರು ದನಿ ತಗ್ಗಿಸಿ ಹೇಳುತ್ತಿದ್ದರು. ‘ಅದು’ ಎಂದರೆ ಏನೆಂದು ಕೇಳುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಕೆಲವರು ‘ಕೆಟ್ಟ ಹುಣ್ಣು’ ಎನ್ನುತ್ತಿದ್ದರು, ಪಂಡಿತರು ‘ಅರ್ಬುದ’ ಎನ್ನುತ್ತಿದ್ದರು. ಹೆಸರು ಹೇಳಿದರೆ ಮನೆಗೇ ಬಂದೀತು ಎಂಬ ಭಯ ಒಂದು ಕಡೆ, ಮನೆಯಲ್ಲಿ ಮದುವೆಗೆ ಬೆಳೆದ ಹೆಣ್ಣುಮಕ್ಕಳಿದ್ದಾರೆ ಎಂಬ ಚಿಂತೆ ಇನ್ನೊಂದು ಕಡೆ. ಹೆಸರೇ ಇಲ್ಲದ ಕಾಯಿಲೆಗೆ ಇತಿಹಾಸವಾದರೂ ಎಲ್ಲಿಂದ ಬರಬೇಕು?

ಆದರೂ ಅದಕ್ಕೊಂದು ಇತಿಹಾಸವಿದೆ. ಶಸ್ತ್ರಚಿಕಿತ್ಸೆ, ರೇಡಿಯಂ, ಔಷಧಿಗಳ ಕಥೆಯನ್ನು ಪುಸ್ತಕಗಳು ವಿವರವಾಗಿ ಹೇಳುತ್ತವೆ. ಅದಕ್ಕಿಂತ ಹಿಂದಿನ ಗಳಿಗೆಯೊಂದಿದೆಯಲ್ಲ, ಕಾಯಿಲೆ ಇದೆ ಎಂದು ಗೊತ್ತಾಗುವ ಗಳಿಗೆ, ಅದರ ಕಥೆಯನ್ನು ಹೇಳುವವರು ಕಡಿಮೆ. ಬದುಕು ಸಾವು ತೀರ್ಮಾನವಾಗುವುದು ಬಹಳಷ್ಟು ಸಲ ಆ ಗಳಿಗೆಯಲ್ಲೇ. ನಾನು ಇಲ್ಲಿ ಬರೆಯಹೊರಟಿರುವುದು ಆ ಪತ್ತೆಯ ಕಥೆಯನ್ನು. ಅದು ಭದ್ರಾವತಿಯ ಕ್ವಾರ್ಟರ್ಸಿನ ಅಡುಗೆಮನೆಯನ್ನೂ ಅಮೆರಿಕದ ಪ್ರಯೋಗಶಾಲೆಯ ಒಂದು ಪುಟ್ಟ ಹುಳುವನ್ನೂ ಒಟ್ಟಿಗೇ ಮುಟ್ಟುತ್ತದೆ.

ಮೊದಲು ನಮ್ಮ ಊರುಗಳ ಮಾತು. ತುಂಗೆಯ ದಡದಲ್ಲಿ ಶಿವಮೊಗ್ಗ, ಭದ್ರೆಯ ದಡದಲ್ಲಿ ಭದ್ರಾವತಿ. ನಡುವೆ ಸುಮಾರು 20 ಕಿಲೋಮೀಟರ್ ದಾರಿ. 1923ರಲ್ಲಿ ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದ ಮೇಲೆ, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದ ಮೇಲೆ ಭದ್ರಾವತಿ ದೊಡ್ಡ ಊರಾಯಿತು. ಕಾರ್ಖಾನೆಗಳ ಜೊತೆಗೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆಗಳೂ ಬಂದವು. ಕಾಲಿನ ಮೇಲೆ ಕಬ್ಬಿಣ ಬಿದ್ದರೆ, ಮೈ ಸುಟ್ಟರೆ, ಹೆರಿಗೆ ನೋವು ಬಂದರೆ ಎಲ್ಲಿಗೆ ಓಡಬೇಕೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಸದ್ದಿಲ್ಲದೆ ಮೈಯೊಳಗೆ ಬೆಳೆಯುವ ಗೆಡ್ಡೆಗೆ ಮಾತ್ರ ಅಂಥ ನೇರ ದಾರಿ ಇರಲಿಲ್ಲ. ಅನುಮಾನ ಬಂದವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುತ್ತಿದ್ದರು. ವೈದ್ಯರ ಬೆರಳಿಗೆ ತಾಕುವಷ್ಟು ಗೆಡ್ಡೆ ಬೆಳೆದಿರಬೇಕು, ಕಣ್ಣಿಗೆ ಕಾಣುವಷ್ಟು ಹುಣ್ಣು ಬಲಿತಿರಬೇಕು. ಆಮೇಲೆ ಚೂರು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಪತ್ತೆ ಎಂದರೆ ಅಷ್ಟೇ ಇತ್ತು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಶುರುವಾಯಿತು. ಅಲ್ಲಿಂದಾಚೆಗೆ ‘ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದಾರಂತೆ’ ಎಂಬ ಮಾತಿಗೂ ನಮ್ಮಲ್ಲಿ ಒಂದೇ ಅರ್ಥ ಉಳಿಯಿತು. ಬೆಂಗಳೂರು ನಗರದಲ್ಲಿ ಎಷ್ಟು ಜನಕ್ಕೆ ಯಾವ ಕ್ಯಾನ್ಸರ್ ಬರುತ್ತಿದೆ ಎಂದು ಎಣಿಸಿ ಬರೆದಿಡುವ ಕೆಲಸ 1982ರಲ್ಲಿ ಅದೇ ಕಿದ್ವಾಯಿಯಲ್ಲಿ ಆರಂಭವಾಯಿತು. ನಮ್ಮ ಕಡೆಯ ಹೆಂಗಸರು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ನಮ್ಮ ಜಿಲ್ಲೆಯವರೇ ಆದ ಡಾ. ಅನುಪಮಾ ನಿರಂಜನರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರು ವೈದ್ಯೆ, ಜೊತೆಗೆ ಕಾದಂಬರಿಕಾರ್ತಿ. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಪುಸ್ತಕಗಳ ಮೂಲಕ ಕನ್ನಡದ ಹೆಂಗಸರಿಗೆ ತಮ್ಮ ಮೈಯ ವಿಷಯವನ್ನು ನಾಚಿಕೆಯಿಲ್ಲದೆ ಓದಿ ತಿಳಿಯುವುದನ್ನು ಕಲಿಸಿದರು. ಎಷ್ಟೋ ಮನೆಗಳಲ್ಲಿ ಆ ಪುಸ್ತಕಗಳು ಸೀರೆಗಳ ಮಡಿಕೆಯ ನಡುವೆ ಇರುತ್ತಿದ್ದವು ಎಂಬುದು ನನಗೆ ಗೊತ್ತು. ಅಂಥವರೂ ಕ್ಯಾನ್ಸರಿಗೆ ತುತ್ತಾಗಿ 1991ರಲ್ಲಿ ತೀರಿಕೊಂಡರು. ಆ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಬೀದಿಯ ಹೆಂಗಸರು ಮೊದಲ ಬಾರಿಗೆ ‘ಅದು’ ಎನ್ನದೆ ಕ್ಯಾನ್ಸರ್ ಎಂದೇ ಮಾತಾಡಿಕೊಂಡರು.

ನನ್ನ ಪಾಲಿಗೆ ಈ ಇತಿಹಾಸ ಶುರುವಾದದ್ದು ಅದಕ್ಕೆ ಕೆಲವು ವರ್ಷ ಮೊದಲು, ನನ್ನ ದೊಡ್ಡಮ್ಮನಿಂದ. ದೊಡ್ಡಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು, ಸಂಸಾರ ನ್ಯೂಟೌನಿನಲ್ಲಿ. ದೊಡ್ಡಮ್ಮನಿಗೆ ಎಲೆ ಅಡಿಕೆಯ ಅಭ್ಯಾಸ. ಊಟವಾದ ಮೇಲೆ ಅಂಗೈಯಲ್ಲಿ ಎಲೆ ಇಟ್ಟು, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆಯ ಹೋಳು ಹಾಕಿ, ಕೊನೆಯಲ್ಲಿ ಚಿಟಿಕೆ ಹೊಗೆಸೊಪ್ಪು ಸೇರಿಸಿ ಮಡಿಸುವ ಅವಳ ಬೆರಳುಗಳ ಕೆಲಸ ನೋಡಲು ಚೆಂದವಿತ್ತು. ಇಡೀ ದಿನದಲ್ಲಿ ಅವಳು ತನಗಾಗಿ ಕೂರುತ್ತಿದ್ದ ಹೊತ್ತು ಅದೊಂದೇ. ರಾತ್ರಿ ಮಲಗುವಾಗಲೂ ದವಡೆಯಲ್ಲಿ ಒಂದಿಷ್ಟು ಉಳಿದಿರುತ್ತಿತ್ತು.

ಒಂದು ಮಳೆಗಾಲದಲ್ಲಿ ದೊಡ್ಡಮ್ಮ ಸಾರು ಬಿಟ್ಟು ಬರೀ ಮಜ್ಜಿಗೆ ಅನ್ನ ಉಣ್ಣತೊಡಗಿದಳು. ಖಾರ ತಾಕಿದರೆ ಬಾಯಿ ಉರಿ ಎಂದಳು. ವ್ರತ ಹಿಡಿದಿರಬೇಕು ಎಂದರು ಒಬ್ಬರು, ವಯಸ್ಸಾಯಿತಲ್ಲ ಎಂದರು ಇನ್ನೊಬ್ಬರು. ತುಪ್ಪ ಸವರಿದಳು, ಸೀಬೆ ಚಿಗುರು ಅಗಿದಳು. ಕೆನ್ನೆಯ ಒಳಗೆ ಬಿಳಿಯ ಮಚ್ಚೆಯೊಂದು ಇದ್ದದ್ದು ಕನ್ನಡಿಯಲ್ಲಿ ಅವಳಿಗೇ ಕಂಡಿತ್ತು. ಯಾರಿಗೂ ಹೇಳಲಿಲ್ಲ, ಯಾಕೆಂದರೆ ಅದು ನೋಯುತ್ತಿರಲಿಲ್ಲ. ಕಡೆಗೆ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದಾಗ ಅಲ್ಲಿಯವರು ಬಿ-ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಟ್ಟರು. ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ. ಬಾಯಿ ತೆರೆಸಿ ಬೆಳಕು ಬಿಟ್ಟು ನೋಡಲು ಒಂದು ನಿಮಿಷ ಸಾಕಿತ್ತು. ಆ ಒಂದು ನಿಮಿಷ ಯಾರಿಗೂ ಸಿಗಲಿಲ್ಲ. ಎಂಟು ತಿಂಗಳಾದ ಮೇಲೆ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತು. ಆಗ ನೋಡಿದ ವೈದ್ಯರು ಮಾತೇ ಆಡದೆ ಬೆಂಗಳೂರಿಗೆ ಚೀಟಿ ಬರೆದರು. ಅಲ್ಲಿ ಆಗಬಹುದಾದದ್ದೆಲ್ಲ ಆಯಿತು, ಹೊತ್ತು ಮಾತ್ರ ಮೀರಿತ್ತು. ದೊಡ್ಡಮ್ಮ ಎರಡನೆಯ ವರ್ಷ ನೋಡಲಿಲ್ಲ.

ಈ ಕಥೆ ನಮ್ಮ ಮನೆಗೇ ವಿಶೇಷವಾದದ್ದೇನೂ ಅಲ್ಲ. ಮಲೆನಾಡಿನ ಅನ್ನವೇ ಅಡಿಕೆ. ಮಕ್ಕಳ ಫೀಜು, ಮಗಳ ಮದುವೆ, ಮನೆಯ ಹೆಂಚು, ಎಲ್ಲವೂ ಅಡಿಕೆಯಿಂದಲೇ ಬಂದದ್ದು. ಅಂಥ ಅಡಿಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ ಸಹ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಸೇರಿಸಿತು. ಅದೇ ಸಂಸ್ಥೆಯವರು ಆಮೇಲೆ ಮಾಡಿದ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಬಾಯಿ ಕ್ಯಾನ್ಸರ್ ಬಂದವರು ಸುಮಾರು 3,89,800 ಮಂದಿ. ಅದರಲ್ಲಿ ಸುಮಾರು 1,20,200 ಮಂದಿಯ ಕಾಯಿಲೆಗೆ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆ ಕಾರಣ. ಬೆಳೆಗಾರರ ಮನೆಯಲ್ಲಿ ಈ ಮಾತು ಹೇಳುವುದು ಸುಲಭವಲ್ಲ. ಆದರೆ ಬೆಳೆ ನಮ್ಮದಾಗಿರುವಂತೆ ಬಾಯಿಯೂ ನಮ್ಮದೇ ತಾನೆ? ಒಂದನ್ನು ಉಳಿಸಿಕೊಳ್ಳಲು ಇನ್ನೊಂದರ ಸತ್ಯ ಮುಚ್ಚಿಡಬೇಕಾಗಿಲ್ಲ.

ನಮ್ಮ ಜಿಲ್ಲೆಗೆ ಕ್ಯಾನ್ಸರಿನ ಇನ್ನೊಂದು ನಂಟೂ ಇದೆ. ಸಾಗರದ ಕಡೆಯ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಕೊಡುತ್ತಿದ್ದ ನಾಟಿ ಔಷಧಿಗಾಗಿ ದೇಶದ ಮೂಲೆಮೂಲೆಯಿಂದ ಜನ ಬರುತ್ತಿದ್ದರು. 2020ರಲ್ಲಿ ಅವರು ತೀರಿಕೊಳ್ಳುವವರೆಗೂ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಭಾಷೆ ಬಾರದವರು ದಾರಿ ಕೇಳುವುದು ಸಾಮಾನ್ಯ ನೋಟವಾಗಿತ್ತು. ಆ ಔಷಧಿಯ ಗುಣದ ಚರ್ಚೆಗೆ ನಾನು ಹೋಗುವುದಿಲ್ಲ. ವಿಜ್ಞಾನದ ಪರೀಕ್ಷೆಯಲ್ಲಿ ಅದು ಸಾಬೀತಾಗಿಲ್ಲ ಎಂದಷ್ಟೇ ಹೇಳಬಲ್ಲೆ. ನನಗೆ ನೆನಪಿರುವುದು ಆ ಜನರ ಕೈಯಲ್ಲಿರುತ್ತಿದ್ದ ಪ್ಲಾಸ್ಟಿಕ್ ಚೀಲಗಳು, ಅದರೊಳಗಿನ ಸ್ಕ್ಯಾನಿನ ದಪ್ಪ ದಪ್ಪ ಲಕೋಟೆಗಳು. ಆ ಲಕೋಟೆಗಳೆಲ್ಲ ತಡವಾಗಿ ಬಂದ ಸುದ್ದಿಯ ಲಕೋಟೆಗಳು.

ಹಾಗಾದರೆ ಸುದ್ದಿ ಬೇಗ ಬರುವುದು ಹೇಗೆ? ಅನ್ನ ಬೆಂದಿದೆಯೇ ಎಂದು ನೋಡಲು ನಾವು ಇಡೀ ಪಾತ್ರೆ ಬಗ್ಗಿಸುವುದಿಲ್ಲ, ಒಂದು ಅಗುಳು ಹಿಚುಕಿ ನೋಡುತ್ತೇವೆ. ಕಬ್ಬಿಣದ ಕಾರ್ಖಾನೆಯಲ್ಲೂ ಅದೇ ಕ್ರಮ. ಕರಗಿದ ಲೋಹದಿಂದ ಉದ್ದ ಹಿಡಿಯ ಸೌಟಿನಲ್ಲಿ ಒಂದಿಷ್ಟು ತೆಗೆದು ಪ್ರಯೋಗಶಾಲೆಗೆ ಕಳಿಸುತ್ತಾರೆ. ಅದರಲ್ಲಿ ಗಂಧಕ ಎಷ್ಟು, ಇಂಗಾಲ ಎಷ್ಟು ಎಂದು ನೋಡಿ ಇಡೀ ಕುಲುಮೆಯ ಗುಣ ಹೇಳುತ್ತಾರೆ. ಮೈಯೊಳಗಿನ ಕಾಯಿಲೆಯನ್ನೂ ಹೀಗೆ ಒಂದು ಹನಿ ರಕ್ತ ಅಥವಾ ಮೂತ್ರದಿಂದ ತಿಳಿಯುವ ಆಸೆ ಹಳೆಯದು. ಕಾಯಿಲೆಯ ಸುಳಿವು ಕೊಡುವ ಇಂಥ ವಸ್ತುವಿಗೆ ಜೈವಿಕ ಸೂಚಕ ಎಂದು ಹೆಸರು. 1845ರಲ್ಲಿ ಲಂಡನ್ನಿನ ಒಬ್ಬ ದಿನಸಿ ವ್ಯಾಪಾರಿಯ ಮೂತ್ರದಲ್ಲಿ ವಿಚಿತ್ರ ವಸ್ತುವೊಂದು ಕಾಣಿಸಿಕೊಂಡಿತು. ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯ ಅದನ್ನು ಪರೀಕ್ಷಿಸಿ ಒಂದೆರಡು ವರ್ಷಗಳಲ್ಲಿ ಪ್ರಕಟಿಸಿದ. ಆ ವ್ಯಾಪಾರಿಗೆ ಇದ್ದದ್ದು ಮೂಳೆಯ ಮಜ್ಜೆಯ ಕ್ಯಾನ್ಸರ್. ಕ್ಯಾನ್ಸರಿನ ಸೂಚಕಗಳಲ್ಲಿ ಅದೇ ಮೊದಲನೆಯದು ಎಂದು ಇಂದು ಪಠ್ಯಗಳು ಹೇಳುತ್ತವೆ.

ಹೆಂಗಸರಿಗೆ ಹತ್ತಿರವಾದದ್ದು ಇನ್ನೊಂದು ಪರೀಕ್ಷೆ. ಗರ್ಭಕೋಶದ ಕೊರಳಿನ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ನೋಡಿದರೆ ಕ್ಯಾನ್ಸರನ್ನು ಮೊದಲೇ ಹಿಡಿಯಬಹುದೆಂದು ಜಾರ್ಜ್ ಪಾಪನಿಕೊಲಾವ್ 1928ರಲ್ಲೇ ಹೇಳಿದ. ಯಾರೂ ಕಿವಿಗೊಡಲಿಲ್ಲ. 1940ರ ದಶಕದಲ್ಲಿ ಪುಸ್ತಕವಾಗಿ ಬಂದ ಮೇಲೆಯೇ ಲೋಕ ಒಪ್ಪಿದ್ದು. ನಾವು ಪ್ಯಾಪ್ ಪರೀಕ್ಷೆ ಎನ್ನುವುದು ಅದನ್ನೇ. ಆ ಎಲ್ಲ ವರ್ಷಗಳಲ್ಲಿ ಅವನ ಹೆಂಡತಿ ಆಂಡ್ರೊಮಾಖಿ ಪ್ರಯೋಗಶಾಲೆಯಲ್ಲಿ ಅವನ ಜೊತೆ ದುಡಿದಳು. ಅಷ್ಟೇ ಅಲ್ಲ, ಪರೀಕ್ಷೆಗೆ ಬೇಕಾದ ಮಾದರಿಯನ್ನು ವರ್ಷಗಟ್ಟಲೆ ತನ್ನ ಮೈಯಿಂದಲೇ ಕೊಟ್ಟಳು. ಪರೀಕ್ಷೆಗೆ ಗಂಡನ ಹೆಸರು ಬಂತು.

1981ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಸಿಎ-125 ಎಂಬ ರಕ್ತದ ಸೂಚಕ ಸಿಕ್ಕಿತು. ಇನ್ನು ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಸಾಕು ಎಂದು ಎಷ್ಟೋ ಜನ ನಂಬಿದರು. ಬ್ರಿಟನ್ನಿನಲ್ಲಿ 2,00,000ಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ವರ್ಷಾನುಗಟ್ಟಲೆ ಒಂದು ಅಧ್ಯಯನ ನಡೆಯಿತು. 2021ರಲ್ಲಿ ಬಂದ ಫಲಿತಾಂಶ ಹೇಳಿದ್ದಿಷ್ಟು: ಪರೀಕ್ಷೆಯಿಂದ ಕೆಲವರ ಕಾಯಿಲೆ ಬೇಗ ಗೊತ್ತಾಯಿತು, ಆದರೆ ಸಾವುಗಳು ಕಡಿಮೆಯಾಗಲಿಲ್ಲ. ಸುಳಿವು ಸಿಕ್ಕುವುದು ಬೇರೆ, ಜೀವ ಉಳಿಯುವುದು ಬೇರೆ. ಮುಂದಿನ ಮಾತುಗಳನ್ನು ಓದುವಾಗ ಇದು ನೆನಪಿರಲಿ.

ಈಗ ಆ ಪುಟ್ಟ ಹುಳುವಿನ ಕಥೆ. ನಮ್ಮ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಎಂಬ ದೊಡ್ಡ ಪುಸ್ತಕವಿದೆ. ಅಜ್ಜಿಯ ಅಡುಗೆ ಪುಸ್ತಕವಿದ್ದಂತೆ ಎಂದುಕೊಳ್ಳಿ. ಪುಸ್ತಕವನ್ನು ಒಲೆಯ ಹತ್ತಿರ ತರುವಂತಿಲ್ಲ. ಬೇಕಾದ ಅಡುಗೆಯ ಕ್ರಮವನ್ನು ಒಂದು ಚೀಟಿಗೆ ಬರೆದುಕೊಂಡು ಅಡುಗೆಮನೆಗೆ ಒಯ್ಯಬೇಕು. ಆ ಚೀಟಿಯೇ ಆರ್‌ಎನ್‌ಎ. ಚೀಟಿ ನೋಡಿ ತಯಾರಾಗುವ ಅಡುಗೆ ಪ್ರೋಟೀನು. ಇಷ್ಟು ಗೊತ್ತಾದ ಮೇಲೆ ವಿಜ್ಞಾನಿಗಳ ಗಮನವೆಲ್ಲ ಅಡುಗೆಯಾಗುವ ಚೀಟಿಗಳ ಮೇಲೇ ಇತ್ತು. ಮನುಷ್ಯರ ಡಿಎನ್‌ಎಯಲ್ಲಿ ಪ್ರೋಟೀನಿನ ಕ್ರಮ ಹೇಳುವ ಭಾಗ ನೂರಕ್ಕೆ ಸುಮಾರು 2 ಮಾತ್ರ. ಉಳಿದ ಬಹುಭಾಗಕ್ಕೆ ಅವರಲ್ಲಿ ಅನೇಕರು ಇಟ್ಟ ಹೆಸರು ‘ಕಸ’.

1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್‌ರ ಪ್ರಯೋಗಶಾಲೆಯಿಂದ ಒಂದು ಪ್ರಬಂಧ ಬಂತು. ಸುಮಾರು ಒಂದು ಮಿಲಿಮೀಟರ್ ಉದ್ದದ ಹುಳುವೊಂದರಲ್ಲಿ ಲಿನ್-4 ಎಂಬ ಜೀನು ಯಾವ ಪ್ರೋಟೀನನ್ನೂ ಮಾಡುವುದಿಲ್ಲ, ಬರೀ 22 ಅಕ್ಷರಗಳ ಒಂದು ಚೂರು ಆರ್‌ಎನ್‌ಎಯನ್ನು ಮಾಡುತ್ತದೆ ಎಂದು ಅದರಲ್ಲಿತ್ತು. ಅದೇ ಸಂಚಿಕೆಯಲ್ಲಿ ಗ್ಯಾರಿ ರುವ್ಕುನ್‌ರ ಗುಂಪು ಆ ಚೂರಿನ ಕೆಲಸವನ್ನು ತೋರಿಸಿಕೊಟ್ಟಿತು. ಅದು ಬೇರೊಂದು ದೊಡ್ಡ ಚೀಟಿಗೆ ಅಂಟಿಕೊಂಡು ಅದರ ಅಡುಗೆಯನ್ನೇ ತಡೆಯುತ್ತದೆ. ಸಾಕು, ಇನ್ನು ಬೇಡ ಎಂದು ಹೇಳುವ ಚೀಟಿ ಅದು. ಅಡುಗೆಮನೆಯಲ್ಲಿ ಸಾಕು ಎನ್ನುವವರು ಇಲ್ಲದಿದ್ದರೆ ಏನಾಗುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಆಂಬ್ರೋಸ್‌ರ ಪ್ರಬಂಧದ ಮೊದಲ ಹೆಸರು ಅವರ ಹೆಂಡತಿ ರೊಸಾಲಿಂಡ್ ಲೀ ಅವರದು, ಎರಡನೆಯದು ರೋಂಡಾ ಫೈನ್‌ಬಾಮ್ ಎಂಬ ಇನ್ನೊಬ್ಬ ಹೆಂಗಸಿನದು.

ಹುಳುವಿನ ವಿಚಿತ್ರ ಎಂದು ಲೋಕ ಅದನ್ನು ಏಳು ವರ್ಷ ಬದಿಗಿಟ್ಟಿತು. 2000ದಲ್ಲಿ ಲೆಟ್-7 ಎಂಬ ಇಂಥದೇ ಇನ್ನೊಂದು ಚೂರು ಸಿಕ್ಕಿತು. ಅದು ಹುಳುವಿನಿಂದ ಮನುಷ್ಯರವರೆಗೆ ಹಲವು ಪ್ರಾಣಿಗಳಲ್ಲಿ ಇದೆಯೆಂದು ಏಮಿ ಪಾಸ್ಕ್ವಿನೆಲಿ ಮತ್ತು ಸಂಗಡಿಗರು ತೋರಿಸಿದರು. ಆಮೇಲೆ ಹುಡುಕಾಟಕ್ಕೆ ಬಿರುಸು ಬಂತು. ಇವುಗಳಿಗೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರಾಯಿತು. ಮನುಷ್ಯರಲ್ಲಿ ಇವುಗಳ ಜೀನುಗಳು ಸಾವಿರಕ್ಕೂ ಹೆಚ್ಚಿವೆ ಎಂದು ಇಂದು ತಿಳಿದಿದೆ. 2002ರಲ್ಲಿ ಜಾರ್ಜ್ ಕ್ಯಾಲಿನ್, ಕಾರ್ಲೊ ಕ್ರೋಚೆ ಮತ್ತು ಸಂಗಡಿಗರು ಒಂದು ಬಗೆಯ ರಕ್ತದ ಕ್ಯಾನ್ಸರನ್ನು ಪರೀಕ್ಷಿಸುತ್ತಿದ್ದರು. ಆ ರೋಗಿಗಳಲ್ಲಿ 13ನೆಯ ವರ್ಣತಂತುವಿನ ಒಂದು ತುಣುಕು ಕಳೆದುಹೋಗಿರುತ್ತದೆ. ಅಲ್ಲಿದ್ದ ಪ್ರೋಟೀನಿನ ಜೀನು ಯಾವುದೆಂದು ಹುಡುಕಿ ಎಷ್ಟೋ ಜನ ಸೋತಿದ್ದರು. ಕಳೆದುಹೋದದ್ದು ಪ್ರೋಟೀನಿನ ಜೀನಲ್ಲ, ಎರಡು ಮೈಕ್ರೋ ಆರ್‌ಎನ್‌ಎಗಳು! ಸಾಕು ಎನ್ನುವ ಚೀಟಿ ಕಳೆದುಹೋಗಿತ್ತು, ಅದಕ್ಕೇ ಜೀವಕೋಶಗಳ ಬೆಳವಣಿಗೆಗೆ ಅಂಕೆ ತಪ್ಪಿತ್ತು. ‘ಕಸ’ದಲ್ಲಿ ಕಾಯಿಲೆಯ ಬೇರು ಸಿಕ್ಕಿತು.

ಬೇರು ಸಿಕ್ಕಿದ ಮೇಲೆ ಸುಳಿವು ಸಿಕ್ಕದೇ ಇರುತ್ತದೆಯೇ? 2008ರಲ್ಲಿ ಅಮೆರಿಕ, ಚೀನಾ, ಬ್ರಿಟನ್ನಿನ ಗುಂಪುಗಳು ಬೇರೆಬೇರೆಯಾಗಿ ಒಂದು ವಿಷಯ ಹೇಳಿದವು. ಈ ಚೂರುಗಳು ಜೀವಕೋಶದಿಂದ ಹೊರಗೆ ಬಂದು ರಕ್ತದಲ್ಲೂ ತೇಲುತ್ತಿರುತ್ತವೆ. ಆರ್‌ಎನ್‌ಎ ಬಹಳ ನಾಜೂಕಿನ ವಸ್ತು, ಹೊರಗೆ ಬಂದರೆ ಕ್ಷಣದಲ್ಲಿ ಕರಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಇವು ಪ್ರೋಟೀನಿನ ಹೊದಿಕೆಯಲ್ಲೋ ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲೋ ಅಡಗಿರುವುದರಿಂದ ಹಾಗೆ ಕರಗುವುದಿಲ್ಲ. ರಕ್ತಕಣಗಳನ್ನು ಬೇರ್ಪಡಿಸಿದ ತಿಳಿಯನ್ನು ಕೋಣೆಯ ಉಷ್ಣದಲ್ಲಿ 24 ಗಂಟೆ ಇಟ್ಟರೂ ಹೆಚ್ಚು ವ್ಯತ್ಯಾಸವಾಗಲಿಲ್ಲ ಎಂದು ಅಮೆರಿಕದ ಸಿಯಾಟಲ್ಲಿನವರು ಬರೆದರು. ಇದನ್ನು ಓದಿದಾಗ ನನಗೆ ಹೊಳೆದದ್ದು ನಮ್ಮ ರಾತ್ರಿಯ ರೈಲು. ಶಿವಮೊಗ್ಗದಲ್ಲಿ ಸಂಜೆ ತೆಗೆದ ಮಾದರಿ ಬೆಳಗ್ಗೆ ಬೆಂಗಳೂರು ಮುಟ್ಟುವ ತನಕ ಕೆಡುವುದಿಲ್ಲವೆಂದರೆ ರೋಗಿಯೇ ರೈಲು ಹತ್ತಬೇಕಾಗಿಲ್ಲ. 2009ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನವರು ಎಂಜಲಿನಲ್ಲೇ ಈ ಚೂರುಗಳನ್ನು ಅಳೆದರು. ಬಾಯಿ ಕ್ಯಾನ್ಸರ್ ಇದ್ದವರಲ್ಲಿ ಅವುಗಳ ಪೈಕಿ ಎರಡರ ಪ್ರಮಾಣ ಕಡಿಮೆಯಿತ್ತು. ಎಲೆ ಅಡಿಕೆ ಉಗುಳಿದ ಎಂಜಲಲ್ಲೇ ಕಾಯಿಲೆಯ ಸುದ್ದಿ!

ಕರ್ನಾಟಕದಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಯಿ ಕ್ಯಾನ್ಸರಿನ ಗೆಡ್ಡೆಗಳನ್ನು ನೋಡಿದರು. ಮಿರ್-155 ಎಂಬ ಚೂರು ಹೆಚ್ಚಾದಾಗ ಸಿಡಿಸಿ73 ಎಂಬ ಕಾವಲು ಜೀನಿನ ಬಾಯಿ ಕಟ್ಟುತ್ತದೆ, ಆಗ ಗೆಡ್ಡೆ ಬೆಳೆಯುತ್ತದೆ ಎಂದು ತೋರಿಸಿದರು. ನಮ್ಮ ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲೂ ಕ್ಯಾನ್ಸರಿನ ಸಂಶೋಧನೆ ನಡೆದಿದೆ. ಗೆಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ರಾಸಾಯನಿಕಗಳನ್ನು ಅಲ್ಲಿ ಹುಡುಕುತ್ತಾರೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂದಾಗ ಕಾಡಿನ ನಡುವೆ ಯಾರು ಓದುತ್ತಾರೆ ಎಂದು ಆಡಿಕೊಂಡವರಿದ್ದರು. ಇಂದು ಪೇಟೆಯ ಹೆಣ್ಣುಮಕ್ಕಳು ಜೈವಿಕ ತಂತ್ರಜ್ಞಾನದ ಪುಸ್ತಕ ಹಿಡಿದು ಅಲ್ಲಿಯ ಬಸ್ಸು ಹತ್ತುತ್ತಾರೆ.

ಹಾಗಿದ್ದರೆ ಈ ಪರೀಕ್ಷೆ ನಮ್ಮ ಆಸ್ಪತ್ರೆಗಳಿಗೆ ಯಾಕೆ ಬಂದಿಲ್ಲ ಎಂದು ನೀವು ಕೇಳಬಹುದು. ಕಾರಣಗಳಿವೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಅವುಗಳೊಳಗಿನ ಮೈಕ್ರೋ ಆರ್‌ಎನ್‌ಎಗಳು ಸುರಿದು ಲೆಕ್ಕವೆಲ್ಲ ಕೆಡುತ್ತದೆ. ಮಿರ್-21 ಎಂಬುದು ಹಲವು ಕ್ಯಾನ್ಸರುಗಳಲ್ಲಿ ಏರುತ್ತದೆ ನಿಜ, ಆದರೆ ಬರೀ ಉರಿಯೂತದಲ್ಲೂ ಏರುತ್ತದೆ. ಒಂದು ಊರಿನವರು ಕಂಡ ಸೂಚಕ ಇನ್ನೊಂದು ಊರಿನವರ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅನ್ನದ ಅಗುಳಿನ ಉಪಮೆ ಇಲ್ಲಿ ಸೋಲುತ್ತದೆ. ಪಾತ್ರೆಯ ಅನ್ನ ಒಂದೇ ಸಮ ಬೇಯುತ್ತದೆ, ಮನುಷ್ಯರ ಮೈ ಹಾಗಲ್ಲ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗೆ ಮಾತ್ರ. ಕಾಯಿಲೆಯ ಲಕ್ಷಣವೇ ಇಲ್ಲದ 10,000 ಹೆಂಗಸರಿಗೆ ಪರೀಕ್ಷೆ ಮಾಡಿದೆವು, ಅವರಲ್ಲಿ ನಿಜವಾಗಿ ಕಾಯಿಲೆ ಇರುವವರು 20 ಮಂದಿ ಎನ್ನಿ. ಪರೀಕ್ಷೆ ಆ 20ರಲ್ಲಿ 18 ಮಂದಿಯನ್ನು ಸರಿಯಾಗಿ ಹಿಡಿಯಿತು. ಆರೋಗ್ಯವಂತರಲ್ಲಿ ನೂರಕ್ಕೆ 5 ಮಂದಿಗೆ ಮಾತ್ರ ತಪ್ಪು ಹೇಳಿತು. ಒಳ್ಳೆಯ ಪರೀಕ್ಷೆಯೇ ಅನ್ನಿಸುತ್ತದಲ್ಲವೇ? ಆದರೆ ನೂರಕ್ಕೆ 5 ಎಂದರೆ ಆ 9,980 ಮಂದಿಯಲ್ಲಿ 499 ಹೆಂಗಸರು. ಕಾಯಿಲೆಯಿಲ್ಲದ ಸುಮಾರು 500 ಮನೆಗಳಲ್ಲಿ ಒಲೆ ಹಚ್ಚದ ರಾತ್ರಿಗಳು, ಬೆಂಗಳೂರಿನ ಓಡಾಟ, ಒತ್ತೆಯಿಟ್ಟ ಬಳೆಗಳು. ಜೊತೆಗೆ ‘ಅವರಿಗೆ ಅದು ಅಂತೆ’ ಎಂಬ ಪಿಸುಮಾತು. ಉಳಿದ ಇಬ್ಬರು ರೋಗಿಗಳು ನಮಗೇನೂ ಇಲ್ಲವೆಂದು ನಿಶ್ಚಿಂತೆಯಿಂದ ಮನೆಗೆ ಹೋಗಿರುತ್ತಾರೆ.

2024ರಲ್ಲಿ ಆಂಬ್ರೋಸ್ ಮತ್ತು ರುವ್ಕುನ್‌ರಿಗೆ ವೈದ್ಯಶಾಸ್ತ್ರದ ನೊಬೆಲ್ ಬಂತು. ಮೊದಲ ಪ್ರಬಂಧದ ಮೊದಲ ಹೆಸರಾದ ರೊಸಾಲಿಂಡ್ ಲೀ ಆ ಪಟ್ಟಿಯಲ್ಲಿ ಇರಲಿಲ್ಲ. ಇಂಥ ದೊಡ್ಡ ಹೆಸರು ಬಂದ ಮೇಲೆ ಒಂದು ಹನಿ ರಕ್ತದಲ್ಲಿ ಎಲ್ಲ ಕ್ಯಾನ್ಸರನ್ನೂ ಹೇಳುತ್ತೇವೆ ಎನ್ನುವ ಜಾಹೀರಾತುಗಳಿಗೆ ಮರುಳಾಗುವುದು ಸುಲಭ. ಅಂಥವರನ್ನು ಎರಡು ಪ್ರಶ್ನೆ ಕೇಳಿ. ನಿಮ್ಮ ಪರೀಕ್ಷೆ ಎಷ್ಟು ಮಂದಿಗೆ ತಪ್ಪು ಹೇಳುತ್ತದೆ? ಅದರಿಂದ ಸಾವು ಕಡಿಮೆಯಾಗಿದೆಯೆಂದು ಎಲ್ಲಿ ಸಾಬೀತಾಗಿದೆ? ನಮ್ಮ ದೇಶದ ತಪಾಸಣಾ ಕಾರ್ಯಕ್ರಮದಲ್ಲಿ ಮೈಕ್ರೋ ಆರ್‌ಎನ್‌ಎ ಪರೀಕ್ಷೆಗೆ ಇನ್ನೂ ಸ್ಥಾನವಿಲ್ಲ.

ಸಾವು ಕಡಿಮೆಯಾಗುತ್ತದೆಂದು ಸಾಬೀತಾಗಿರುವುದು ತೀರ ಸರಳ ಪರೀಕ್ಷೆಗಳಿಂದ. ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಿಂದ ಸುಮಾರು 1,90,000 ಜನರ ಅಧ್ಯಯನ ನಡೆಯಿತು. ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ಬೆಳಕಿನಲ್ಲಿ ನೋಡಿದರು, ಅಷ್ಟೇ. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಇಳಿಯಿತು. ಮುಂಬಯಿಯ ಕೊಳಚೆ ಪ್ರದೇಶಗಳಲ್ಲಿ ಟಾಟಾ ಆಸ್ಪತ್ರೆಯವರು ಸುಮಾರು 1,50,000 ಹೆಂಗಸರ ಅಧ್ಯಯನ ಮಾಡಿದರು. ಹತ್ತನೆಯ ತರಗತಿ ಓದಿದ ಹೆಂಗಸರಿಗೆ ತರಬೇತಿ ಕೊಟ್ಟು, ವಿನಿಗರಿನಂಥ ದ್ರಾವಣ ಸವರಿ ಗರ್ಭಕೋಶದ ಕೊರಳನ್ನು ನೋಡಿಸಿದರು. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ ಆ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. 2016ರಲ್ಲಿ ಕೇಂದ್ರ ಸರ್ಕಾರ 30 ವರ್ಷ ದಾಟಿದವರಿಗೆಲ್ಲ ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳಿನ ತಪಾಸಣೆ ಮಾಡುವ ಕ್ರಮ ಗೊತ್ತುಮಾಡಿದ್ದು ಇಂಥ ಅನುಭವದ ಬಲದ ಮೇಲೆಯೇ.

ಮೈಕ್ರೋ ಆರ್‌ಎನ್‌ಎ ಪರೀಕ್ಷೆ ಒಂದು ದಿನ ಬರಬಹುದು. ಬಂದರೆ ಸಂತೋಷಪಡುವವರಲ್ಲಿ ನಾನೂ ಒಬ್ಬಳು. ಆದರೆ ಈ ಇತಿಹಾಸದಲ್ಲಿ ನನಗೆ ಕಂಡದ್ದು ಇಷ್ಟು. 22 ಅಕ್ಷರದ ಚೀಟಿಯನ್ನು ಸಣ್ಣದೆಂದು ಲೋಕ ಏಳು ವರ್ಷ ಬದಿಗಿಟ್ಟಿತು. ಪಾಪನಿಕೊಲಾವ್‌ನ ಮಾತನ್ನು ಅದಕ್ಕಿಂತ ಹೆಚ್ಚು ಕಾಲ ಬದಿಗಿಟ್ಟಿತು. ಹೆಂಗಸಿನ ಬಾಯುರಿಯನ್ನು, ಹೊತ್ತಲ್ಲದ ಹೊತ್ತಿನ ಬಿಳಿ ಸೆರಗನ್ನು, ಎದೆಯಲ್ಲಿ ಕೈಗೆ ಸಿಕ್ಕಿದ ಕಡಲೆ ಗಾತ್ರದ ಗಂಟನ್ನು ಮನೆಯವರೂ ಅವಳೂ ಸೇರಿ ಇಂದಿಗೂ ಬದಿಗಿಡುತ್ತಿದ್ದಾರೆ. ಎಷ್ಟೇ ಸೂಕ್ಷ್ಮವಾದ ಯಂತ್ರ ಬಂದರೂ ಅದರ ಹತ್ತಿರಕ್ಕೆ ಹೋಗಬೇಕಾದ ಹೆಂಗಸು ಮೊದಲು ‘ನನಗೆ ಹೀಗಾಗುತ್ತಿದೆ’ ಎಂದು ಹೇಳಬೇಕು, ಹೇಳಿದ್ದನ್ನು ಒಬ್ಬರು ಕೇಳಬೇಕು.

ಆದ್ದರಿಂದ ಆಶಾ ಕಾರ್ಯಕರ್ತೆ ನಿಮ್ಮ ಬೀದಿಗೆ ಬಂದಾಗ ಕೆಲಸವಿದೆ, ನಾಳೆ ಬಾ ಎನ್ನಬೇಡಿ. ಆಸ್ಪತ್ರೆಯ ತಪಾಸಣೆಗೆ ಹೋಗುವಾಗ ಮನೆಯ ಹಿರಿಯ ಹೆಂಗಸನ್ನೂ ಜೊತೆಗೆ ಕರೆದುಕೊಂಡು ಹೋಗಿ. ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ಬಾಯಿ ಅಗಲಿಸಿ ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ನೋಡಿಕೊಳ್ಳಿ. ಬಿಳಿಯ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರವಾದರೂ ಹುಣ್ಣು ಮಾಯದಿದ್ದರೆ, ಬಾಯಿ ಮೊದಲಿನಷ್ಟು ತೆರೆಯಲಾಗದಿದ್ದರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಮಾತ್ರೆ ಬರೆಯಲು ಪೆನ್ನು ತೆಗೆದ ವೈದ್ಯರಿಗೆ ಮೊದಲು ಬೆಳಕು ಬಿಟ್ಟು ಬಾಯಿ ನೋಡಿ ಎಂದು ಹೇಳುವುದಕ್ಕೆ ಸಂಕೋಚ ಬೇಡ. ಅದಕ್ಕೆ ಒಂದು ನಿಮಿಷ ಸಾಕು.